ಧೈರ್ಯ ಹೇಳುವವರಿಗೆ ಒಂದು ಮಾತು

ಕಳೆದ ತಿಂಗಳ ನಮ್ಮ ಸಂಘದ ಗೋಷ್ಠಿಯಲ್ಲಿ ಮಾನ್ಯ ಮಿತ್ರರೊಬ್ಬರು, ಮಾತಿನ ನಡುವೆ, "ಖಿನ್ನತೆಯೆಂಬದು ಹೊಟ್ಟೆ ತುಂಬಿದವರ ರೋಗ, ಪಡುವಣ ದೇಶಗಳಿಂದ ಪುಸ್ತಕಗಳ ಜೊತೆಗೆ ಹಡಗು ಹತ್ತಿ ಬಂದದ್ದು. ನಮ್ಮ ಹಿರಿಯರಿಗೆ ಅದು ಇರಲಿಲ್ಲ, ಇದ್ದರೂ ಅದಕ್ಕೆ ಧೈರ್ಯವೊಂದೇ ಔಷಧ" ಎಂದು ಅಪ್ಪಣೆ ಕೊಡಿಸಿದರು. ಸಭೆಯಲ್ಲಿ ನಗೆ ಎದ್ದಿತು, ಚಪ್ಪಾಳೆಯೂ ಬಿದ್ದಿತು. ಹಿಂದಿನ ಸಾಲಿನಲ್ಲಿದ್ದ ನಾನು ನಗಲಿಲ್ಲ. ಎದ್ದು ಮರುಮಾತನ್ನೂ ಆಡಲಿಲ್ಲ. ಸಭಾಮರ್ಯಾದೆಯೆಂದು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಅದು ಮರ್ಯಾದೆಯಲ್ಲ, ಹೇಡಿತನವೆಂದು ತೋರಿತು. ಆದುದರಿಂದ ಸಂಪಾದಕರ ಅನುಮತಿಯನ್ನು ಬೇಡಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಮಿತ್ರರ ಮೇಲೆ ನನಗೆ ದ್ವೇಷವಿಲ್ಲ. ಅವರು ಆಡಿದ್ದು ಅವರೊಬ್ಬರ ಮಾತಲ್ಲ. ಓದುಬರಹ ಬಲ್ಲ ನಮ್ಮೆಲ್ಲರ ಮನೆಗಳ ಜಗಲಿಯ ಮಾತು. ಒಂದು ಕಾಲಕ್ಕೆ ನಾನೂ ಅದನ್ನೇ ಆಡಿದವನು; ಅದರ ಬೆಲೆಯನ್ನು ತೆತ್ತವರು ಮಾತ್ರ ಬೇರೊಬ್ಬರು.

ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ನನ್ನ ಅತ್ತಿಗೆ. ಅವರ ಐವತ್ತನೆಯ ವಯಸ್ಸಿನ ಸುಮಾರಿಗೆ ತುಲಸಿಕಟ್ಟೆಯ ಮುಂದಿನ ರಂಗವಲ್ಲಿ ನಿಂತಿತು. ಅನಂತರ ಶುಕ್ರವಾರದ ಭಜನೆಗೆ ಹೋಗುವದು ನಿಂತಿತು. ಅನಂತರ ನೆರೆಮನೆಯವರೊಡನೆ ಮಾತು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಅಡಿಗೆಮನೆಯ ಕತ್ತಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಆದರೆ ಹೊತ್ತಿಗೆ ಸರಿಯಾಗಿ ಕಾಫಿ ಬರುತ್ತಿತ್ತು, ಊಟಕ್ಕೆ ಎಲೆ ಬೀಳುತ್ತಿತ್ತು. ಆ ಕಾರಣ ನಮ್ಮಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಸತತವಾಗಿ ಮೂರು ದಿನ ಹುಳಿಗೆ ಉಪ್ಪಿಲ್ಲದೆ ಹೋದಾಗ ಮಾತ್ರ, ಪದವಿಗಳನ್ನು ಪಡೆದ ನಾವು ಮನೆಯ ಗಂಡಸರು, ಇವರಿಗೆ ಏನೋ ಆಗಿದೆಯೆಂದು ಕಂಡುಹಿಡಿದೆವು.

ಕಂಡುಹಿಡಿದು ಮಾಡಿದ್ದೇನು? ಅಣ್ಣನು ಗದರಿಸಿದನು. ನೆಂಟರು ಹರಕೆ ಹೊತ್ತರು. "ಏನು ಕಡಿಮೆಯಾಗಿದೆ ನಿಮಗೆ? ತೋಟವಿದೆ, ಮನೆಯಿದೆ, ಮಕ್ಕಳಿದ್ದಾರೆ" ಎಂದು ಬಂದವರೆಲ್ಲ ಲೆಕ್ಕ ಒಪ್ಪಿಸಿದರು. ಶಾಲೆಯ ಉಪಾಧ್ಯಾಯನಾದ ನಾನು ಒಂದು ಗಂಟೆ ಉಪದೇಶ ಮಾಡಿ, "ಅತ್ತಿಗೆ, ಸ್ವಲ್ಪ ಧೈರ್ಯ ತಂದುಕೊಳ್ಳಿ" ಎಂದು ಮುಗಿಸಿದೆ. ಅವರು ಬಹಳ ಹೊತ್ತಿನ ಮೇಲೆ, "ಅದು ಎಲ್ಲಿದೆಯೆಂದು ಹೇಳು ತಮ್ಮಾ, ಹೋಗಿ ತರುತ್ತೇನೆ" ಎಂದರು. ಅದನ್ನು ನಾನು ಆಗ ಮೊಂಡುತನವೆಂದು ತಿಳಿದೆ. ಇದಾದ ಮೇಲೆ ಎರಡು ವರ್ಷ ಕಳೆದವು. ಆ ಎರಡು ವರ್ಷಗಳಲ್ಲಿ ಅವರ ಒಬ್ಬಳೇ ಮಗಳ ಮದುವೆಯಾಯಿತು. ಆ ಮದುವೆಯಲ್ಲಿ ತಾವು ಇದ್ದದ್ದೇ ಅವರಿಗೆ ಇಂದು ಸರಿಯಾಗಿ ನೆನಪಿಲ್ಲ.

ಈಗ ಮಿತ್ರರ ಮಾತಿಗೆ ಬರೋಣ. ಇದು ಪರದೇಶದ ರೋಗವಂತೆ! ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ರೋಗವನ್ನು ಬೆಳೆಸುವ ಕಾರಣಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಎಣಿಸಿದ್ದಾರೆ. ಗೀತೆಯ ಮೊದಲನೆಯ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ಅರ್ಜುನನದು ಧರ್ಮಸಂಕಟ, ಅದನ್ನು ರೋಗವೆಂದು ಕರೆಯುವ ಸಾಹಸವನ್ನು ನಾನು ಮಾಡುವದಿಲ್ಲ. ಆದರೆ ಧೈರ್ಯವಾದಿಗಳಾದ ಮಹನೀಯರು ಎರಡನೆಯ ಅಧ್ಯಾಯದ ಆರಂಭವನ್ನು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇನೆ. ಅಲ್ಲಿ ಶ್ರೀಕೃಷ್ಣನೂ ಮೊದಲು ನಮ್ಮಂತೆಯೇ, ಈ ದೌರ್ಬಲ್ಯವನ್ನು ಕೊಡವಿ ಏಳೆಂದು ಹೇಳಿ ನೋಡುತ್ತಾನೆ. ಅರ್ಜುನನು ಏಳುವದಿಲ್ಲ, ಯುದ್ಧ ಮಾಡೆನೆಂದು ಹೇಳಿ ಮೌನವಾಗುತ್ತಾನೆ. ಭಗವಂತನ ಬಾಯಿಂದ ಬಂದಾಗಲೂ ಫಲಿಸದ ಧೈರ್ಯವಚನವು ನಮ್ಮ ಬಾಯಿಂದ ಫಲಿಸುವದೆ? ಆ ಬಳಿಕ ಕೃಷ್ಣನು ಹದಿನೆಂಟನೆಯ ಅಧ್ಯಾಯದವರೆಗೆ ಮಾತನಾಡುತ್ತಾನೆ. ನಾವಾದರೋ ಮೊದಲನೆಯ ಮಾತನ್ನು ಹೇಳಿ ಕೈತೊಳೆದುಕೊಂಡು, ಗೀತೆಯನ್ನೇ ಆಧಾರವಾಗಿ ತೋರಿಸುತ್ತೇವೆ.

ವೈದ್ಯರು ಖಿನ್ನತೆಯೆಂದು ಯಾವದನ್ನು ಕರೆಯುತ್ತಾರೆಂಬದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ದಿನದ ಬೇಸರವಾಗಲಿ, ಸತ್ತವರಿಗಾಗಿ ಅಳುವದಾಗಲಿ ಖಿನ್ನತೆಯಲ್ಲ. ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಭಾಗವೆಲ್ಲ ಮನಸ್ಸು ಕುಗ್ಗಿರುವದು, ಇಲ್ಲವೆ ಯಾವದರಲ್ಲಿಯೂ ರುಚಿಯಿಲ್ಲದಿರುವದು, ಅದರೊಡನೆ ನಿದ್ರೆ ಕೆಡುವದು, ಹಸಿವು ಏರುಪೇರಾಗುವದು, ಮೈ ಸೋಲುವದು, ತಾನು ನಿಷ್ಪ್ರಯೋಜಕನೆಂಬ ಅಪರಾಧಭಾವ, ಏಕಾಗ್ರತೆಯ ನಾಶ, ನಡೆನುಡಿಯ ಜಡತೆ, ಸಾವಿನ ಯೋಚನೆ—ಇವುಗಳಲ್ಲಿ ಹಲವು ಒಟ್ಟಿಗೆ ಕೂಡುವದು, ಇದು ಲಕ್ಷಣ. ಈ ಪಟ್ಟಿಯನ್ನು ಗಮನಿಸಿದರೆ, ಧೈರ್ಯ ತಂದುಕೋ ಎಂಬ ಉಪದೇಶದ ಅಸಂಬದ್ಧತೆ ತಾನಾಗಿಯೇ ಕಾಣುವದು. ಉತ್ಸಾಹ, ಆಸೆ, ತನ್ನ ಮೇಲಿನ ನಂಬಿಕೆ—ಇವುಗಳನ್ನು ಅಪಹರಿಸುವದೇ ಈ ರೋಗದ ಸ್ವರೂಪ. ಕಳವಾದ ವಸ್ತುವನ್ನೇ ದಂಡವಾಗಿ ಕೊಡೆಂದು ಕಳವಾದವನನ್ನೇ ಪೀಡಿಸುವ ನ್ಯಾಯ ನಮ್ಮದು.

ಹಾಗಾದರೆ ಮಾಡಬೇಕಾದದ್ದೇನು? ಇಲ್ಲಿ ಮನಃಶಾಸ್ತ್ರಜ್ಞರ ಸಂಶೋಧನೆಯು ನಮಗೆ ಉಪಯುಕ್ತವಾದ ಒಂದು ಸಂಗತಿಯನ್ನು ತಿಳಿಸುತ್ತದೆ. ಅಮೇರಿಕದ ಫಿಲಡೆಲ್ಫಿಯದಲ್ಲಿದ್ದ ಏರನ್ ಬೆಕ್ ಎಂಬ ವೈದ್ಯನು ಮಾತಿನಿಂದ ಮಾಡುವ ಒಂದು ಚಿಕಿತ್ಸೆಯನ್ನು ರೂಪಿಸಿದನು. ೧೯೭೯ರಲ್ಲಿ ಅದರ ಗ್ರಂಥವೂ ಹೊರಬಂದಿತು. ಅದರಲ್ಲಿ ಎರಡು ಅಂಗಗಳು: ರೋಗಿಯನ್ನು ಮೆಲ್ಲಮೆಲ್ಲನೆ ಚಟುವಟಿಕೆಗೆ ಹಚ್ಚುವದು ಒಂದು, ಅವನ ತಪ್ಪು ಯೋಚನೆಗಳನ್ನು ಹಿಡಿದು ತಿದ್ದುವದು ಇನ್ನೊಂದು. ಎರಡನೆಯದೇ ಮುಖ್ಯವೆಂದೂ ಅದಕ್ಕೆ ಬಹಳ ವಿದ್ವತ್ತು ಬೇಕೆಂದೂ ಭಾವನೆಯಿತ್ತು. ಸಿಯಾಟಲ್ ನಗರದ ವಾಶಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನೀಲ್ ಜೇಕಬ್ಸನ್ ಮತ್ತು ಅವನ ಸಂಗಡಿಗರು ಈ ಭಾವನೆಯನ್ನು ಪರೀಕ್ಷೆಗೆ ಒಡ್ಡಿದರು. ೧೫೦ ಜನ ರೋಗಿಗಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ಚಟುವಟಿಕೆಯ ಅಂಗವನ್ನು ಮಾತ್ರ, ಒಂದಕ್ಕೆ ಅದರೊಡನೆ ಯೋಚನೆ ತಿದ್ದುವ ಸ್ವಲ್ಪ ಭಾಗವನ್ನು, ಒಂದಕ್ಕೆ ಪೂರ್ಣ ಚಿಕಿತ್ಸೆಯನ್ನು ಕೊಟ್ಟರು. ೧೯೯೬ರಲ್ಲಿ ಪ್ರಕಟವಾದ ಫಲಿತಾಂಶವು ಪಂಡಿತರನ್ನು ಚಕಿತಗೊಳಿಸಿತು: ಪೂರ್ಣ ಚಿಕಿತ್ಸೆಯು ಚಟುವಟಿಕೆಯ ಅಂಗಕ್ಕಿಂತ ಮೇಲೆಂಬದಕ್ಕೆ ಯಾವ ಆಧಾರವೂ ದೊರೆಯಲಿಲ್ಲ. ಆ ಅಂಗವೇ ಮುಂದೆ ಬಿಹೇವಿಯರಲ್ ಆಕ್ಟಿವೇಶನ್ ಎಂಬ ಸ್ವತಂತ್ರ ಚಿಕಿತ್ಸೆಯಾಗಿ ಬೆಳೆಯಿತು, ಕನ್ನಡದಲ್ಲಿ ಕ್ರಿಯಾಪ್ರೇರಣೆಯೆನ್ನೋಣ. ೨೦೧೬ರಲ್ಲಿ ಇಂಗ್ಲಂಡಿನ ೪೪೦ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಎಳೆಯ ಕಾರ್ಯಕರ್ತರು ಕೊಟ್ಟ ಕ್ರಿಯಾಪ್ರೇರಣೆಯು ನುರಿತ ಚಿಕಿತ್ಸಕರು ಕೊಟ್ಟ ಯೋಚನಾಚಿಕಿತ್ಸೆಗಿಂತ ಕಡಿಮೆಯಾಗಲಿಲ್ಲ; ವೆಚ್ಚವಾದರೋ ಕಡಿಮೆಯಾಯಿತು.

ಇದರ ಮರ್ಮವಿಷ್ಟು. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣವೆಂದು ನಾವು ತಿಳಿದಿರುತ್ತೇವೆ. ಖಿನ್ನನಾದವನು ಕೆಲಸವನ್ನು ಬಿಡುತ್ತಾನೆ. ಬಿಟ್ಟಷ್ಟೂ ಸಂತೋಷದ ದಾರಿಗಳು ಮುಚ್ಚುತ್ತವೆ. ಮುಚ್ಚಿದಷ್ಟೂ ಮನಸ್ಸು ಕುಗ್ಗುತ್ತದೆ. ಕುಗ್ಗಿದಷ್ಟೂ ಮತ್ತೆ ಕೆಲಸ ಬಿಡುತ್ತದೆ. ಈ ಗಾಣವನ್ನು ಮನಸ್ಸಿನ ಕಡೆಯಿಂದ ನಿಲ್ಲಿಸುವದು ಕಷ್ಟ. ಕ್ರಿಯೆಯ ಕಡೆಯಿಂದ ನಿಲ್ಲಿಸಲು ಸಾಧ್ಯ. ಮೊದಲು ಕೃತಿ, ಅನಂತರ ಚಿತ್ತ.

"ನಾವೂ ಅದನ್ನೇ ಹೇಳಿದೆವಲ್ಲ! ಎದ್ದು ಕೆಲಸ ಮಾಡು ಎಂದೆವಲ್ಲ!" ಎಂದು ಈಗ ಧೈರ್ಯವಾದಿಗಳು ಸಂತೋಷಪಡಬಹುದು. ಸ್ವಾಮಿ, ಹಾಗಲ್ಲ. ಅಪ್ಪಣೆ ಮಾಡುವದು ಬೇರೆ, ಚಿಕಿತ್ಸೆ ಬೇರೆ. ಕಾಲು ಮುರಿದವನಿಗೆ ನಡೆ ಎನ್ನುವ ದಾರಿಹೋಕನೂ, ಅವನ ಭುಜ ಹಿಡಿದು ಮೊದಲ ಹೆಜ್ಜೆ ಇಡಿಸುವವನೂ ಒಂದೇ ಆಗುವರೆ? ಕೊನೆಗೊಮ್ಮೆ ನಮ್ಮ ಅತ್ತಿಗೆಯವರನ್ನು ಒಬ್ಬ ಯುವ ವೈದ್ಯೆಯ ಬಳಿಗೆ ಕರೆದೊಯ್ದೆವು. ಆಕೆ ಔಷಧವನ್ನು ಕೊಟ್ಟಳು, ಉಪದೇಶ ಮಾಡಲಿಲ್ಲ. "ಮೊದಲು ಏನೇನು ಮಾಡುತ್ತಿದ್ದಿರಿ? ಯಾವದು ನಿಂತಿತು?" ಎಂದು ಕೇಳಿ, ರಂಗವಲ್ಲಿಯ ಮಾತು ಬಂದಾಗ, "ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾಲ್ಕೇ ಚುಕ್ಕಿಯದನ್ನು ಹಾಕಿ. ಮನಸ್ಸು ಬಾರದಿದ್ದರೂ ಹಾಕಿ. ಯಾರಾದರೂ ಜೊತೆಗೆ ನಿಲ್ಲಲಿ. ಹಾಕಿದ ಮೇಲೆ ಮನಸ್ಸು ಹೇಗಿತ್ತೆಂದು ಒಂದು ಸಾಲು ಬರೆದು ತನ್ನಿ" ಎಂದಳು. ನನ್ನ ಹೆಂಡತಿ ಜೊತೆಗೆ ನಿಂತಳು. ಮೊದಲ ದಿನ ಎರಡು ಚುಕ್ಕಿಯಾಗುವಷ್ಟರಲ್ಲಿ ಅತ್ತಿಗೆಯವರು ಒಳಗೆ ಹೋಗಿಬಿಟ್ಟರು. ಮುಂದಿನ ವಾರ ವೈದ್ಯೆಯು ಅದನ್ನು ಸೋಲೆಂದು ಎಣಿಸದೆ, ಅಡ್ಡಿಯಾದದ್ದೇನೆಂದು ವಿಚಾರಿಸಿದಳು. ದಾರಿಯಲ್ಲಿ ಹೋಗುವವರು ನೋಡುತ್ತಾರೆಂಬ ಸಂಕೋಚವೆಂದು ತಿಳಿದು, ಹಿತ್ತಿಲ ಬಾಗಿಲಿಗೆ ಹಾಕಲು ಹೇಳಿದಳು. ಹೊತ್ತು ಗೊತ್ತುಮಾಡುವದು, ಕೆಲಸವನ್ನು ಸಣ್ಣದು ಮಾಡುವದು, ರೋಗಿಗೆ ಪ್ರಿಯವಾದದ್ದನ್ನೇ ಆರಿಸುವದು, ಅಡ್ಡಿಯನ್ನು ಹುಡುಕಿ ತೆಗೆಯುವದು, ಪ್ರತಿವಾರ ಮತ್ತೆ ನೋಡುವದು: ಇದು ಶಾಸ್ತ್ರ. ಇದರಲ್ಲಿ ಯಾವದೊಂದನ್ನೂ ನಾವು ಎರಡು ವರ್ಷಗಳಲ್ಲಿ ಮಾಡಿರಲಿಲ್ಲ. ಕೆಲವು ತಿಂಗಳಲ್ಲಿ ರಂಗವಲ್ಲಿಯು ತುಲಸಿಕಟ್ಟೆಗೆ ಮರಳಿತು. ಅವರಿಗೆ ಗುಣವಾಗುತ್ತಿದೆಯೆಂದು ನಾನು ನಂಬಿದ್ದು, ಕೊಡೆ ಮರೆತು ಬಂದದ್ದಕ್ಕೆ ಅವರು ನನ್ನನ್ನು ಹಿಂದಿನಂತೆ ಬೈದ ದಿನ.

ಇನ್ನು, ಹೊಟ್ಟೆ ತುಂಬಿದವರ ರೋಗವೆಂಬ ಆಕ್ಷೇಪಣೆ. ಇದಕ್ಕೆ ಉತ್ತರವನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ಕಾರವಾರದವರು ಕಾಳಿ ನದಿಯನ್ನು ದಾಟಿ ಉತ್ತರಕ್ಕೆ ಹೋದರೆ ಸಾಕು. ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆಯವರು ವಿಕ್ರಮ ಪಟೇಲರ ನೇತೃತ್ವದಲ್ಲಿ ೧೦ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು; ಅದು ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಸೇರಿದವರು ಸರಕಾರಿ ಆರೋಗ್ಯಕೇಂದ್ರಕ್ಕೆ ಬರುವ ಸಾಮಾನ್ಯ ಜನರು. ಅವರಲ್ಲಿ ಹೆಂಗಸರೇ ಹೆಚ್ಚು. ಖಿನ್ನತೆಯು ತೀವ್ರವಾಗಿದ್ದ ೪೯೫ ಜನರಲ್ಲಿ ಅರ್ಧದಷ್ಟು ಜನರಿಗೆ ವೈದ್ಯರ ವಾಡಿಕೆಯ ಉಪಚಾರ. ಉಳಿದವರಿಗೆ ಅದರೊಡನೆ ಕ್ರಿಯಾಪ್ರೇರಣೆಯ ಆರರಿಂದ ಎಂಟು ಭೇಟಿಗಳು. ಆ ಭೇಟಿಗಳನ್ನು ನಡೆಸಿದವರು ಮನೋವೈದ್ಯರಲ್ಲ, ಮನಃಶಾಸ್ತ್ರದ ಪದವೀಧರರೂ ಅಲ್ಲ. ಅದೇ ಊರುಗಳ ಮಾತನ್ನು ಬಲ್ಲ, ತರಬೇತಿ ಹೊಂದಿದ ಸಾಮಾನ್ಯ ಜನರು. ಅವರು ತಮ್ಮ ಮಾತುಕತೆಯನ್ನು ಧ್ವನಿಮುದ್ರಿಸಿ, ಒಬ್ಬರ ಗುಣದೋಷಗಳನ್ನು ಇನ್ನೊಬ್ಬರು ವಿಮರ್ಶಿಸುವ ಕ್ರಮವನ್ನೂ ಇಟ್ಟುಕೊಂಡಿದ್ದರು. ಮೂರು ತಿಂಗಳಿಗೆ ನೋಡಿದಾಗ, ಕ್ರಿಯಾಪ್ರೇರಣೆ ಪಡೆದವರಲ್ಲಿ ನೂರಕ್ಕೆ ೬೪ ಜನರ ಲಕ್ಷಣಗಳು ಶಮನವಾಗಿದ್ದವು. ಪಡೆಯದವರಲ್ಲಿ ನೂರಕ್ಕೆ ೩೯. ವರ್ಷ ಕಳೆದ ಮೇಲೂ ಮೊದಲನೆಯವರೇ ಮುಂದಿದ್ದರು. ಗಂಡನಿಂದ ಪೆಟ್ಟು ತಿನ್ನುವದು ಕೂಡ ಚಿಕಿತ್ಸೆ ಪಡೆದ ಹೆಂಗಸರಲ್ಲಿ ಕಡಿಮೆ ಕಂಡುಬಂದಿತು. ಇವರು ಹೊಟ್ಟೆ ತುಂಬಿದವರೆ?

ಆ ೩೯ ಎಂಬ ಅಂಕಿಯನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ನಮ್ಮ ಭ್ರಾಂತಿಯ ಬೇರು ಅಲ್ಲಿದೆ. ವಿಶೇಷವಾದ ಚಿಕಿತ್ಸೆಯಿಲ್ಲದೆಯೂ ಸಾಕಷ್ಟು ಜನರಿಗೆ ಕಾಲಕ್ರಮದಲ್ಲಿ ಗುಣವಾಗುತ್ತದೆ. ಆ ಸಮಯಕ್ಕೆ ಯಾರು ಎದುರಿಗೆ ಇದ್ದರೋ ಅವರಿಗೆ ಕೀರ್ತಿ. ಹರಕೆ ಹೊತ್ತಿದ್ದರೆ ಹರಕೆಗೆ. ತಾಯಿತ ಕಟ್ಟಿದ್ದರೆ ತಾಯಿತಕ್ಕೆ. ಮದುವೆ ಮಾಡಿದ್ದರೆ ಮದುವೆಗೆ. ನಾವು ಉಪದೇಶ ಮಾಡಿದ್ದರೆ ನಮ್ಮ ಉಪದೇಶಕ್ಕೆ! ಗುಣವಾಗದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಸಂಶೋಧನೆಯೆಂಬದು ಬೇರೇನೂ ಅಲ್ಲ. ಗುಣವಾಗದವರನ್ನೂ ಎಣಿಸುವ ಪ್ರಾಮಾಣಿಕತೆ.

ಔಷಧದ ವಿಷಯದಲ್ಲಿಯೂ ಇದೇ ಮಾತು. ಗುಳಿಗೆಯೆಂದರೆ ವಿಷವೆಂದು ಹೆದರಿಸುವವರು ಒಂದು ಕಡೆ. ಗುಳಿಗೆಯೊಂದೇ ಸಾಕೆನ್ನುವವರು ಇನ್ನೊಂದು ಕಡೆ. ೨೦೧೮ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ೨೧ ಔಷಧಗಳನ್ನು ಕುರಿತ ೫೨೨ ಪರೀಕ್ಷೆಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿದ್ದ ರೋಗಿಗಳು ೧,೧೬,೪೭೭. ಇಪ್ಪತ್ತೊಂದು ಔಷಧಗಳೂ ಹುಸಿ ಗುಳಿಗೆಗಿಂತ ಮೇಲೆಂದು ಕಂಡುಬಂದವು; ಆದರೆ ಸರಾಸರಿ ಲಾಭವು ಮಿತವಾದದ್ದು. ಇದಕ್ಕೂ ಹತ್ತು ವರ್ಷ ಮೊದಲು, ೨೦೦೮ರಲ್ಲಿ, ಅಮೇರಿಕದ ಸರಕಾರಕ್ಕೆ ಒಪ್ಪಿಸಿದ್ದ ೭೪ ಪರೀಕ್ಷೆಗಳ ಕಡತಗಳನ್ನು ಕೆಲವರು ತೆಗೆದು ನೋಡಿದರು. ಅನುಕೂಲ ಫಲಿತಾಂಶದ ೩೮ರಲ್ಲಿ ೩೭ ಅಚ್ಚಾಗಿದ್ದವು. ಅನುಕೂಲವಲ್ಲದ ೩೬ರಲ್ಲಿ ೨೨ ಅಚ್ಚೇ ಆಗಿರಲಿಲ್ಲ, ೧೧ ಅನುಕೂಲವೆಂಬಂತೆ ಬಣ್ಣ ಬಳಿದುಕೊಂಡು ಅಚ್ಚಾಗಿದ್ದವು. ಕಂಪನಿಗಳ ಈ ವಂಚನೆಯನ್ನು ಹೊರಗೆಡವಿದವರು ಯಾರು? ಮಂತ್ರವಾದಿಗಳಲ್ಲ, ಅದೇ ಶಾಸ್ತ್ರದ ಸಂಶೋಧಕರು. ತನ್ನ ತಪ್ಪನ್ನು ತಾನೇ ಅಚ್ಚುಹಾಕುವ ವಿದ್ಯೆಯನ್ನು ನಾನು ನಂಬುತ್ತೇನೆ. ಔಷಧ ಬೇಕೋ ಬೇಡವೋ ಎಂಬದನ್ನು ವೈದ್ಯರು ರೋಗದ ತೀವ್ರತೆಯನ್ನು ನೋಡಿ ಹೇಳಬೇಕು. ಹೇಳಿದ ಮೇಲೆ, ನೆರೆಯವರ ಮಾತು ಕೇಳಿ ಅದನ್ನು ನಡುವೆ ಒಮ್ಮೆಲೆ ನಿಲ್ಲಿಸುವದು ಸಲ್ಲದು.

ಕೊನೆಯ ಆಕ್ಷೇಪಣೆಯು ಎಲ್ಲಕ್ಕಿಂತ ಸಭ್ಯವಾದದ್ದು: "ಒಪ್ಪಿದೆವು; ಆದರೆ ನಮ್ಮ ಘಟ್ಟದ ಹಳ್ಳಿಗಳಲ್ಲಿ ಮನೋವೈದ್ಯರೆಲ್ಲಿ?" ಈ ನೆಪವನ್ನೂ ಗೋವೆಯ ಪರೀಕ್ಷೆಯು ಕಿತ್ತುಕೊಂಡಿದೆ. ವಾಸ್ತವವಾಗಿ ಕನ್ನಡನಾಡು ಇದರಲ್ಲಿ ಮೊದಲಿಗನಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ, ಆರೋಗ್ಯಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಉಪಚಾರವನ್ನು ಕಲಿಸಿ ತೋರಿಸಿದರು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಆದರೂ, ಅದೇ ನಿಮ್ಹಾನ್ಸ್ ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರು. ಖಿನ್ನತೆಯುಳ್ಳ ನೂರರಲ್ಲಿ ಸುಮಾರು ೮೫ ಜನರಿಗೆ ಚಿಕಿತ್ಸೆಯೇ ಇಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ಹಕ್ಕು ಕಾಗದದಲ್ಲಿದೆ, ವಿದ್ಯೆ ಪುಸ್ತಕದಲ್ಲಿದೆ, ರೋಗಿಯು ಅಡಿಗೆಮನೆಯ ಕತ್ತಲೆಯಲ್ಲಿದ್ದಾನೆ. ಇವುಗಳ ನಡುವೆ ನಿಂತವರು ಸರಕಾರ ಮಾತ್ರವಲ್ಲ, ನಾವೂ ಹೌದು. ರಸ್ತೆಗೂ ಶಾಲೆಗೂ ಅರ್ಜಿ ಬರೆಯುವ ನಾವು, ಪ್ರತಿ ಆರೋಗ್ಯಕೇಂದ್ರಕ್ಕೆ ತರಬೇತಿ ಹೊಂದಿದ ಇಬ್ಬರು ಸಲಹೆಗಾರರು ಬೇಕೆಂದು ಒಂದು ಅರ್ಜಿಯನ್ನಾದರೂ ಬರೆದಿದ್ದೇವೆಯೆ? ಬರೆಯಲಿಲ್ಲ, ಬರೆದರೆ ನಮ್ಮ ಮನೆಯಲ್ಲಿಯೂ ಅಂಥವರಿದ್ದಾರೆಂದು ಊರಿಗೆ ತಿಳಿದೀತು, ಮಗಳ ಸಂಬಂಧ ತಪ್ಪೀತು ಎಂಬ ಭಯ. ಸೋಜಿಗವೆಂದರೆ, ಇತರರಿಗೆ ಧೈರ್ಯ ಹೇಳುವ ನಮಗೇ ಇಲ್ಲಿ ಧೈರ್ಯವಿಲ್ಲ.

ತರಬೇತಿಯಾದವರು ಎಲ್ಲವನ್ನೂ ಗುಣಪಡಿಸುವರೆಂದು ನಾನು ಹೇಳುತ್ತಿಲ್ಲ. ಗೋವೆಯಲ್ಲಿಯೂ ನೂರರಲ್ಲಿ ೩೬ ಜನರು ಉಳಿದುಕೊಂಡರು. ಭ್ರಮೆಗಳಿಗೆ ಒಳಗಾದವರನ್ನೂ, ಅತಿಯಾದ ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವವರನ್ನೂ ತಜ್ಞವೈದ್ಯರೇ ನೋಡಬೇಕು. ಸಾವಿನ ಮಾತನ್ನಾಡುವವರ ವಿಷಯದಲ್ಲಂತೂ ಒಂದು ದಿನವೂ ತಡಮಾಡಲಾಗದು. "ನಾನಿಲ್ಲದಿದ್ದರೆ ನಿಮಗೆ ಹಗುರ" ಎಂದು ನಮ್ಮ ಅತ್ತಿಗೆಯವರು ಒಮ್ಮೆ ಅಂದಿದ್ದರು. ನಾವು ಅದನ್ನು ಹೆಂಗಸರ ಮಾತೆಂದು ತಳ್ಳಿಹಾಕಿದೆವು. ಅದೃಷ್ಟವು ನಮ್ಮನ್ನು ಕಾಪಾಡಿತು, ನಮ್ಮ ಬುದ್ಧಿಯಲ್ಲ. ಅಂಥ ಮಾತು ಕಿವಿಗೆ ಬಿದ್ದಾಗ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರದಿಂದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯೂ ಇದೆ. ೧೪೪೧೬ ಎಂಬ ಅಂಕಿಗೆ ಕರೆದರೆ ಹಗಲಿರುಳೂ ಬೆಲೆಯಿಲ್ಲದೆ ಕನ್ನಡದಲ್ಲಿ ಮಾತನಾಡುವವರು ದೊರೆಯುತ್ತಾರೆ.

ನಮ್ಮ ಸಂಘದ ಮುಂದೆ ನನ್ನ ಸೂಚನೆಯಿಷ್ಟು: ಬರುವ ಗೋಷ್ಠಿಯಲ್ಲಿ ಜಿಲ್ಲೆಯ ಮಾನಸಿಕ ಆರೋಗ್ಯದ ವೈದ್ಯರನ್ನು ಕರೆಯಿಸಿ ಈ ವಿಷಯವನ್ನು ಕೇಳೋಣ, ಆರೋಗ್ಯಕೇಂದ್ರಗಳಲ್ಲಿ ಸಲಹೆಗಾರರು ಬೇಕೆಂಬ ಅರ್ಜಿಗೆ ಎಲ್ಲರೂ ಹೆಸರಿನೊಡನೆ ರುಜು ಹಾಕೋಣ. ಮಾನ್ಯ ಮಿತ್ರರೂ ಮೊದಲನೆಯ ರುಜು ಹಾಕುವರೆಂದು ನಂಬಿದ್ದೇನೆ. ಅವರು ನಿರ್ದಯರಲ್ಲ, ನಾನು ಇದ್ದಂತೆ ಅರಿಯದವರು. ಮತ್ತು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಮನೆಯ ಯಜಮಾನರಲ್ಲಿ ಒಂದು ಬಿನ್ನಹ: ಕಾಫಿ ಹೊತ್ತಿಗೆ ಸರಿಯಾಗಿ ಬಂದಿತೆಂದು ತೃಪ್ತರಾಗದೆ, ಅದನ್ನು ತಂದಿಟ್ಟವರ ಮುಖವನ್ನು ಇಂದು ಒಮ್ಮೆ ನೋಡಿರಿ.